ಹಾವು ಕಚ್ಚಿ ಹದಿನಾರು ದಿನದ ಮೇಲೆ ಬಂದ ಜ್ವರ: ವಿಷ ಮರುಕಳಿಸಿತೇ?

ಪ್ರಶ್ನೆ: ನಮ್ಮದು ಗೌರಿಬಿದನೂರು ತಾಲ್ಲೂಕಿನ ಒಂದು ಹಳ್ಳಿ. ರಾಗಿ ಕೊಯ್ಲಿನಲ್ಲಿ ಅರಿ ಎತ್ತುವಾಗ ನನ್ನ ತಮ್ಮನ ಪಾದಕ್ಕೆ ಕೊಳಕುಮಂಡಲ ಕಚ್ಚಿತು. ಅವನಿಗೆ 32 ವರ್ಷ. ಮೊದಲು ಪಕ್ಕದ ಊರಿನಲ್ಲಿ ಬೇರು ಕಟ್ಟಿಸಿದೆವು. ಕಾಲು ಊದಿಕೊಂಡ ಮೇಲೆ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಹಾವಿನ ವಿಷದ ಮದ್ದು 20 ಸೀಸೆ ಕೊಟ್ಟು, ಐದು ದಿನ ಇಟ್ಟುಕೊಂಡು ಕಳುಹಿಸಿದರು. ಆಮೇಲೆ ಚೆನ್ನಾಗಿಯೇ ಇದ್ದ, ಕೊಟ್ಟಿಗೆಯ ಕೆಲಸವನ್ನೂ ಮಾಡಿಕೊಂಡಿದ್ದ. ಕಚ್ಚಿದ 16ನೇ ದಿನ ಚಳಿಜ್ವರ ಶುರುವಾಯಿತು, ಈಗ ಮೂರು ದಿನವಾಗಿದೆ. ತಲೆನೋವು, ಮೈಕೈ ನೋವು, ಕಣ್ಣು ಕೆಂಪಾಗಿದೆ. ಅವರೆಕಾಯಿ ಸಾರು ಉಂಡು ಪಥ್ಯ ಮುರಿದದ್ದರಿಂದ ವಿಷ ಮರುಕಳಿಸಿದೆ, ಮತ್ತೆ ಬೇರು ಕಟ್ಟಿಸಬೇಕು ಎಂದು ಹಿರಿಯರು ಹೇಳುತ್ತಿದ್ದಾರೆ. ಊರಿನಲ್ಲಿ ನೋವಿಗೆ ಒಂದು ಇಂಜೆಕ್ಷನ್ ಹಾಕಿಸಿದೆವು. ವಿಷ ನಿಜವಾಗಿಯೂ ಮರುಕಳಿಸುತ್ತದೆಯೇ? ಮುಂದೆ ಇನ್ನೊಮ್ಮೆ ಹಾವು ಕಚ್ಚಿದರೆ ಅದೇ ಮದ್ದು ಕೊಡಬಹುದೇ? ಇನ್ನೊಂದು ವಿಷಯ, ಇದಕ್ಕೆ ಸಂಬಂಧವಿದೆಯೋ ಇಲ್ಲವೋ ಗೊತ್ತಿಲ್ಲ: ಹೋದ ತಿಂಗಳು ನಮ್ಮ ಹಸು ಕಂದು ಹಾಕಿತು.

ಉತ್ತರ:

ತಾಯಿ, ಉಳಿದದ್ದನ್ನು ಆಮೇಲೆ ಓದಬಹುದು. ಮೊದಲು ತಮ್ಮನನ್ನು ಇಂದೇ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಿಂದಿನ ಡಿಸ್ಚಾರ್ಜ್ ಚೀಟಿ ಕೈಯಲ್ಲಿರಲಿ. ನಿನ್ನೆಯಿಂದ ಎಷ್ಟು ಸಲ ಮೂತ್ರ ಮಾಡಿದ್ದಾನೆ, ಅದರ ಬಣ್ಣ ಹೇಗಿತ್ತು ಎಂಬುದನ್ನು ಅವನನ್ನೇ ಕೇಳಿಕೊಂಡು ಹೋಗಿ. ಡಾಕ್ಟರಿಗೆ ಹೇಳಬೇಕಾದ ಮಾತು ಮೂರು: ಹಾವು ಕಚ್ಚಿತ್ತು, ಕೊಟ್ಟಿಗೆಯಲ್ಲಿ ಕೆಲಸ ಮಾಡಿದ್ದಾನೆ, ಹಸು ಕಂದು ಹಾಕಿದೆ. ನೀವು ಸಂಬಂಧವಿದೆಯೋ ಇಲ್ಲವೋ ಎಂದು ಕೊನೆಯಲ್ಲಿ ಸೇರಿಸಿದ ಮಾತೇ ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು.

ವಿಷ ಮರುಕಳಿಸುವ ಮಾತಿಗೆ ಬರೋಣ. ಹಿರಿಯರ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ, ಅದರಲ್ಲಿ ಒಂದು ಎಳೆ ನಿಜವಿದೆ. ಕಚ್ಚಿದ ಜಾಗದ ಮಾಂಸಖಂಡದಲ್ಲಿ ನಿಂತ ವಿಷ ನಿಧಾನವಾಗಿ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ. ಕೊಟ್ಟ ಮದ್ದಿನ ಬಲ ಕುಗ್ಗುವ ಹೊತ್ತಿಗೆ ಹೊಸ ವಿಷ ಬಂದು ಸೇರಿದರೆ, ಸರಿಹೋಗಿದ್ದ ರಕ್ತ ಮತ್ತೆ ಹೆಪ್ಪುಗಟ್ಟುವ ಗುಣ ಕಳೆದುಕೊಳ್ಳಬಹುದು. ಕೊಳಕುಮಂಡಲದ ಕಡಿತದಲ್ಲಿ ಇದನ್ನು ಕಾಣುತ್ತೇವೆ. ಆದರೆ ಅದು ಮೊದಲ ಎರಡು ಮೂರು ದಿನಗಳ ಮಾತು. ಅದಕ್ಕಾಗಿಯೇ ಆಸ್ಪತ್ರೆಯಲ್ಲಿ ಆರಾರು ಗಂಟೆಗೊಮ್ಮೆ ರಕ್ತ ತೆಗೆದು ನೋಡುವುದು. ಆ ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಡ. ಎರಡು ಮಿಲಿಲೀಟರ್ ರಕ್ತವನ್ನು ಒಣಗಿದ ಗಾಜಿನ ಕೊಳವೆಗೆ ಹಾಕಿ, ಅಲುಗಾಡಿಸದೆ 20 ನಿಮಿಷ ನಿಲ್ಲಿಸಿ, ಆಮೇಲೆ ಒಂದೇ ಒಂದು ಸಲ ವಾಲಿಸಿ ನೋಡಬೇಕು. ಸಹಜ ರಕ್ತ ಗಟ್ಟಿಯಾಗಿ ತಳದಲ್ಲೇ ಕುಳಿತಿರುತ್ತದೆ. ವಿಷ ಏರಿದ ರಕ್ತ ಹರಿದು ಕೊಳವೆಯ ಬಾಯಿಯವರೆಗೆ ಬರುತ್ತದೆ. ಕೊಳವೆ ಪ್ಲಾಸ್ಟಿಕ್ಕಿನದಾಗಿದ್ದರೆ, ಅಥವಾ ಸೋಪಿನ ಪುಡಿಯಲ್ಲಿ ತೊಳೆದದ್ದಾಗಿದ್ದರೆ, ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಮೋಸ ಮಾಡುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ಔಷಧಿಯ ಲೆಕ್ಕವೇ ತಪ್ಪಬಹುದು ಎಂದು ಕಿರಿಯ ವೈದ್ಯರಿಗೆ ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ.

ನಿಮ್ಮ ತಮ್ಮನನ್ನು ಐದು ದಿನ ಇಟ್ಟುಕೊಂಡು, ರಕ್ತ ಮತ್ತು ಮೂತ್ರಪಿಂಡ ಎರಡೂ ಸರಿಯಿದ್ದ ಮೇಲೆ ಕಳುಹಿಸಿದ್ದರೆ, 16ನೇ ದಿನದ ಜ್ವರ ಆ ಹಾವಿನ ವಿಷದ್ದಲ್ಲ. ಅವರೆಕಾಯಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಮಾಗಿಯ ಸೊಗಡಿನ ಅವರೆಯನ್ನು ಚಿಕ್ಕಬಳ್ಳಾಪುರ ಸೀಮೆಯವರಿಗೆ ಬೇಡವೆನ್ನುವ ಪಥ್ಯವನ್ನು ಯಾರು ಕಟ್ಟಿದರೋ, ಅವರ ಹೃದಯ ಕಲ್ಲಿನದೇ ಇರಬೇಕು.

ಹಾಗಾದರೆ ಜ್ವರ ಯಾವುದು? ನನ್ನ ಮನಸ್ಸಿನಲ್ಲಿರುವುದು ನಾಲ್ಕು ಅನುಮಾನ. ನಾಲ್ಕಕ್ಕೂ ಸಮಾನ ತೂಕವಿಲ್ಲ.

ಕಚ್ಚಿದ ಗಾಯ ಕೀವಾಗಿ ಜ್ವರ ಬರಬಹುದು. ಹಾಗಿದ್ದರೆ ಪಾದ ಬಿಸಿಯಾಗಿ, ಕೆಂಪಾಗಿ, ಮುಟ್ಟಿದರೆ ನೋಯುತ್ತದೆ. ನೀವು ಅದನ್ನು ಬರೆದಿಲ್ಲ, ಆದರೂ ಒಮ್ಮೆ ನೋಡಿ.

ಎರಡನೆಯದು ಮದ್ದಿನಿಂದಲೇ ಬರುವ ಜ್ವರ. ಹಾವಿನ ವಿಷದ ಮದ್ದನ್ನು ತಯಾರಿಸುವುದು ಕುದುರೆಯ ರಕ್ತದಿಂದ. ಕುದುರೆಗೆ ಸ್ವಲ್ಪ ಸ್ವಲ್ಪವಾಗಿ ವಿಷ ಚುಚ್ಚಿ, ಅದರ ಮೈಯಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಬೇರ್ಪಡಿಸಿ ಸೀಸೆಗೆ ತುಂಬುತ್ತಾರೆ. ಪರಕೀಯವಾದ ಆ ಪ್ರೋಟೀನಿನ ವಿರುದ್ಧ ನಮ್ಮ ದೇಹ ಒಂದೆರಡು ವಾರದಲ್ಲಿ ಸಿಡಿದೇಳುವುದುಂಟು. ಇದನ್ನು ಸೀರಮ್ ಸಿಕ್‌ನೆಸ್ ಎನ್ನುತ್ತಾರೆ. ಜ್ವರ ಬರುತ್ತದೆ, ಆದರೆ ಜೊತೆಗೆ ಮೈಮೇಲೆ ತುರಿಸುವ ದದ್ದುಗಳು, ಗಂಟುಗಂಟುಗಳಲ್ಲಿ ನೋವು, ತೊಡೆಸಂದಿನಲ್ಲೋ ಕಂಕುಳಲ್ಲೋ ಗೆಡ್ಡೆ ಕಾಣಿಸಿಕೊಳ್ಳುತ್ತವೆ. ಕೆಲವು ದಿನಗಳ ಮಾತ್ರೆಗಳಿಗೆ ಇಳಿಯುತ್ತದೆ, ಭಯಪಡಬೇಕಾದದ್ದಲ್ಲ. ದಿನಗಳ ಲೆಕ್ಕ ಇದಕ್ಕೆ ಹೊಂದುತ್ತದೆ. ಆದರೆ ಕೆಂಪು ಕಣ್ಣು ಹೊಂದುವುದಿಲ್ಲ, ದದ್ದಿನ ಮಾತೂ ನಿಮ್ಮ ಪತ್ರದಲ್ಲಿಲ್ಲ.

ನನ್ನ ಬಲವಾದ ಅನುಮಾನ ಇಲಿ ಜ್ವರದ ಮೇಲೆ. ಅದರ ಪಕ್ಕದಲ್ಲೇ ಸ್ಕ್ರಬ್ ಟೈಫಸ್ಸನ್ನೂ ಇಟ್ಟುಕೊಂಡಿದ್ದೇನೆ. ಪೊದೆ, ಹುಲ್ಲಿನಲ್ಲಿರುವ ಸಣ್ಣ ಚಿಗಟದಂಥ ನುಸಿ ಕಚ್ಚಿ ಬರುವ ಜ್ವರ ಅದು. ನುಸಿ ಕಚ್ಚಿದಲ್ಲಿ ಬೀಡಿಯಿಂದ ಸುಟ್ಟಂತೆ ಒಂದು ಕಪ್ಪು ಹಕ್ಕಳೆ ಇರಬಹುದು. ಅದು ಕಂಕುಳು, ಸೊಂಟದ ದಾರದ ಕೆಳಗೆ, ತೊಡೆಸಂದುಗಳಲ್ಲಿ ಅಡಗಿರುತ್ತದೆ. ಬಟ್ಟೆ ತೆಗೆಸಿ ನೋಡದೆ ಸಿಗುವುದಿಲ್ಲ. ನಾಚಿಕೆಪಡದೆ ನೋಡಿಕೊಳ್ಳಲು ತಮ್ಮನಿಗೆ ಹೇಳಿ.

ಇಲಿ ಜ್ವರ ಎಂದರೆ ನಮ್ಮ ಜನ ಮಲೆನಾಡು, ಕರಾವಳಿಯ ಕಡೆಗೆ ಕೈ ತೋರಿಸುತ್ತಾರೆ. ಬಯಲುಸೀಮೆಯಲ್ಲಿ ಕುಡಿಯಲೇ ನೀರಿಲ್ಲ, ಇಲಿ ಜ್ವರ ಎಲ್ಲಿಂದ ಬರಬೇಕು ಎನ್ನುವವರೂ ಇದ್ದಾರೆ. ಲೆಪ್ಟೊಸ್ಪೈರಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ ಅದಕ್ಕೆ ಕಾರಣ. ಇಲಿ, ಹೆಗ್ಗಣ, ಹಸು, ಎಮ್ಮೆ, ಹಂದಿ, ನಾಯಿಗಳ ಮೂತ್ರಪಿಂಡದಲ್ಲಿ ಬೀಡುಬಿಟ್ಟು ಮೂತ್ರದೊಂದಿಗೆ ಹೊರಬೀಳುತ್ತದೆ. ಒಣಗಿದರೆ ಸಾಯುತ್ತದೆ, ತೇವವಿದ್ದರೆ ವಾರಗಟ್ಟಲೆ ಬದುಕಿರುತ್ತದೆ. ಅದಕ್ಕೆ ಆಗುಂಬೆಯ ಮಳೆಯೇನೂ ಬೇಕಿಲ್ಲ, ಸದಾ ಒದ್ದೆಯಾಗಿರುವ ಒಂದು ಕೊಟ್ಟಿಗೆಯ ಮೂಲೆ ಸಾಕು. ಕೋಲಾರ, ಚಿಕ್ಕಬಳ್ಳಾಪುರ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಹಾಲಿನ ಡೇರಿಯಿಲ್ಲದ ಊರು ಹುಡುಕಿದರೂ ಸಿಗುವುದು ಕಷ್ಟ. ಮನೆಗೆ ಅಂಟಿಕೊಂಡ ಕೊಟ್ಟಿಗೆ, ಅದರ ಪಕ್ಕ ಬೂಸಾ, ಹಿಂಡಿಯ ಮೂಟೆ, ಮೂಟೆಗೆ ಇಲಿ. ಮೇಲಾಗಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆ ತುಂಬಿಸುವ ಯೋಜನೆಗಳಲ್ಲಿ ಕೋಲಾರಕ್ಕೆ ಕೆ.ಸಿ. ವ್ಯಾಲಿಯ, ಚಿಕ್ಕಬಳ್ಳಾಪುರಕ್ಕೆ ಎಚ್.ಎನ್. ವ್ಯಾಲಿಯ ನೀರು ಹರಿದ ಮೇಲೆ ಒಣಗಿ ಬಿರುಕು ಬಿಟ್ಟಿದ್ದ ಎಷ್ಟೋ ಕೆರೆಗಳಲ್ಲಿ ನೀರು ನಿಂತಿದೆ. ಆ ನೀರೇ ಜ್ವರ ತಂದಿತು ಎನ್ನುತ್ತಿಲ್ಲ. ಇದು ಒಣ ಸೀಮೆ, ಇಲ್ಲಿ ಇಲಿ ಜ್ವರ ಬರುವುದಿಲ್ಲ ಎಂಬ ಧೈರ್ಯ ಬೇಡ ಎನ್ನುತ್ತಿದ್ದೇನೆ.

ಈ ಬ್ಯಾಕ್ಟೀರಿಯಾ ಚರ್ಮದ ಗಾಯ, ಒಡೆದ ಹಿಮ್ಮಡಿ, ಕಣ್ಣು ಬಾಯಿಗಳ ತೆಳು ಪೊರೆಯ ಮೂಲಕ ಒಳಗೆ ಹೋಗುತ್ತದೆ. ಹಾವು ಕಚ್ಚಿದ ಗಾಯ ಇನ್ನೂ ಮಾಯದ ಕಾಲಿನಲ್ಲಿ ನಿಮ್ಮ ತಮ್ಮ ಕೊಟ್ಟಿಗೆ ಬಾಚಿದ್ದಾನೆ, ಗಂಜಲ ತುಳಿದಿದ್ದಾನೆ. ಅದೇ ಕೊಟ್ಟಿಗೆಯಲ್ಲಿ ಹಸು ಕಂದು ಹಾಕಿದೆ. ಹಸು ಕಂದು ಹಾಕಲು ಬ್ರುಸೆಲ್ಲೋಸಿಸ್ ಎಂಬ ಇನ್ನೊಂದು ಸೋಂಕು ಸೇರಿ ಬೇರೆ ಕಾರಣಗಳೂ ಇವೆ, ಆದರೆ ಲೆಪ್ಟೊಸ್ಪೈರಾ ಅವುಗಳಲ್ಲಿ ಒಂದು. ಸೋಂಕು ಹೊಕ್ಕ ಮೇಲೆ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 5ರಿಂದ 14 ದಿನ ಬೇಕು. ಆಸ್ಪತ್ರೆಯಿಂದ ಬಂದು ಕೊಟ್ಟಿಗೆಗೆ ಇಳಿದ ದಿನದಿಂದ ಎಣಿಸಿ ನೋಡಿ. ಲೆಕ್ಕ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಇಲಿ ಜ್ವರದ ಎರಡು ಗುರುತನ್ನು ಮನೆಯಲ್ಲೇ ನೋಡಬಹುದು. ಕಣ್ಣು ಕೆಂಪಾಗಿದ್ದರೂ ಗೀಜು ಇರುವುದಿಲ್ಲ. ಬೆಳಗ್ಗೆ ಎದ್ದಾಗ ರೆಪ್ಪೆ ಅಂಟಿಕೊಂಡಿದ್ದರೆ ಅದು ಬರಿಯ ಕಣ್ಣುಬೇನೆ. ರೆಪ್ಪೆ ಶುಭ್ರವಾಗಿದ್ದು ಬಿಳಿಗುಡ್ಡೆಯ ಮೇಲೆ ಮಾತ್ರ ಕೆಂಪು ಹರಡಿದ್ದರೆ ಇಲಿ ಜ್ವರವನ್ನು ನೆನೆಯಬೇಕು. ಇನ್ನೊಂದು ಮೀನಖಂಡ. ಮೈಕೈ ನೋವು ಎಲ್ಲ ಜ್ವರದಲ್ಲೂ ಇರುತ್ತದೆ. ಆದರೆ ಮೀನಖಂಡವನ್ನು ಮೆಲ್ಲಗೆ ಹಿಸುಕಿದರೂ ರೋಗಿ ಕಾಲು ಕಿತ್ತುಕೊಳ್ಳುತ್ತಾನೆ, ಶೌಚಾಲಯಕ್ಕೆ ನಡೆಯುವುದೇ ಅವನಿಗೆ ಶಿಕ್ಷೆ. ಹಾವು ಕಚ್ಚದ ಕಾಲನ್ನೂ ಒತ್ತಿ ನೋಡಿ. ಎರಡೂ ಕಾಲು ಒಂದೇ ರೀತಿ ನೋಯುತ್ತಿದ್ದರೆ ಅದನ್ನು ಹಾವಿನ ಲೆಕ್ಕಕ್ಕೆ ಬರೆಯಬೇಡಿ. ಇವೆರಡೂ ಇಲ್ಲದಿದ್ದರೆ ಇಲಿ ಜ್ವರ ಅಲ್ಲವೆಂದೇನೂ ಅಲ್ಲ, ಇದ್ದರೆ ಮಾತ್ರ ಕಾಯುವ ಹಾಗಿಲ್ಲ.

ಆಸ್ಪತ್ರೆಯಲ್ಲಿ ಪ್ಲೇಟ್‌ಲೆಟ್, ಮೂತ್ರಪಿಂಡದ ಸ್ಥಿತಿ ತಿಳಿಯಲು ಕ್ರಿಯಾಟಿನಿನ್, ಕಾಮಾಲೆ ತಿಳಿಯಲು ಬಿಲಿರುಬಿನ್, ಮೂತ್ರ ಪರೀಕ್ಷೆ ಮಾಡುತ್ತಾರೆ. ಡೆಂಗಿಯನ್ನೂ ನೋಡುತ್ತಾರೆ. ಇಲಿ ಜ್ವರದ ಐ.ಜಿ.ಎಂ. ಪರೀಕ್ಷೆ ಮೊದಲ ವಾರದಲ್ಲಿ ನೆಗೆಟಿವ್ ಬರುವುದು ಸಾಮಾನ್ಯ, ಏಕೆಂದರೆ ಅದು ಹುಡುಕುವುದು ರೋಗಾಣುವನ್ನಲ್ಲ, ದೇಹ ಅದಕ್ಕೆ ಕೊಡುವ ಉತ್ತರವನ್ನು. ಆ ಉತ್ತರ ತಯಾರಾಗಲು ಐದಾರು ದಿನ ಬೇಕು. ನೆಗೆಟಿವ್ ಚೀಟಿ ಹಿಡಿದು ನಿಶ್ಚಿಂತರಾಗಿ ಮನೆಗೆ ಬರಬೇಡಿ. ಅನುಭವವಿರುವ ವೈದ್ಯರು ಫಲಿತಾಂಶಕ್ಕೆ ಕಾಯದೆ ಡಾಕ್ಸಿಸೈಕ್ಲಿನ್ ಶುರುಮಾಡುತ್ತಾರೆ. ದೊಡ್ಡವರಿಗೆ 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಏಳು ದಿನ. ಅದರ ದೊಡ್ಡ ಅನುಕೂಲವೆಂದರೆ ಇಲಿ ಜ್ವರಕ್ಕೂ ಸ್ಕ್ರಬ್ ಟೈಫಸ್ಸಿಗೂ ಎರಡಕ್ಕೂ ಕೆಲಸ ಮಾಡುತ್ತದೆ. ಕಾಯಿಲೆ ಬಲಿತಿದ್ದರೆ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಬೇಕಾಗುತ್ತದೆ. ಇದನ್ನು ಬರೆದದ್ದು ಅಂಗಡಿಯಿಂದ ನೀವೇ ಕೊಂಡು ನುಂಗಿಸಲಿ ಎಂದಲ್ಲ, ಡಾಕ್ಟರೊಂದಿಗೆ ಮಾತನಾಡಲು ಅನುಕೂಲವಾಗಲಿ ಎಂದು.

ಊರಿನಲ್ಲಿ ಹಾಕಿಸಿದ ನೋವಿನ ಇಂಜೆಕ್ಷನ್ ಬಗ್ಗೆ ನನಗೆ ಸಿಟ್ಟಿದೆ. ಇಂಥ ಕಡೆ ಕೊಡುವುದು ಬಹುತೇಕ ಡೈಕ್ಲೊಫೆನಾಕ್. ನೋವು ತಕ್ಷಣ ಇಳಿಯುತ್ತದೆ, ಡಾಕ್ಟರ ಕೈಗುಣ ಚೆನ್ನಾಗಿದೆ ಎಂಬ ಹೆಸರೂ ಬರುತ್ತದೆ. ಆದರೆ ಅದು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಕೊಳಕುಮಂಡಲದ ವಿಷ ಏಟು ಕೊಡುವುದು ಮೂತ್ರಪಿಂಡಕ್ಕೆ. ಇಲಿ ಜ್ವರ ಕೈಯಿಡುವುದೂ ಅಲ್ಲಿಗೇ. ಮೂರು ವಾರದೊಳಗೆ ಒಂದೇ ಜೋಡಿ ಅಂಗಕ್ಕೆ ಮೂರನೆಯ ಹೊಡೆತ ನಾವೇ ಕೊಟ್ಟಂತಾಗುತ್ತದೆ. ಜ್ವರ, ನೋವಿಗೆ ಪ್ಯಾರಾಸಿಟಮಾಲ್ ಸಾಕು. ಮೂತ್ರ ಕಡಿಮೆಯಾದರೆ, ಕಣ್ಣು ಹಳದಿಯಾದರೆ, ಉಸಿರು ಮೇಲುಮೇಲಕ್ಕೆ ಬಂದರೆ, ಕೆಮ್ಮಿನಲ್ಲಿ ರಕ್ತ ಕಂಡರೆ, ತಾಲ್ಲೂಕಿನಲ್ಲಿ ನಿಲ್ಲದೆ ಜಿಲ್ಲಾ ಆಸ್ಪತ್ರೆಗೆ ಸಾಗಿಸಲು 108ಕ್ಕೆ ಕರೆ ಮಾಡಿ. ಅಂಥ ಸ್ಥಿತಿಯಲ್ಲಿ ಕೆಲವು ಸಲ ಡಯಾಲಿಸಿಸ್ ಮಾಡಿದರೆ ಮೂತ್ರಪಿಂಡ ಮತ್ತೆ ಚೇತರಿಸಿಕೊಳ್ಳುತ್ತದೆ. ಡಯಾಲಿಸಿಸ್ ಎಂದ ಕೂಡಲೇ ಜೀವನಪೂರ್ತಿ ಎಂದು ಹೆದರಿ ರೋಗಿಯನ್ನು ಮನೆಗೆ ಕರೆದುಕೊಂಡು ಹೋಗುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ಜ್ವರ ವಾಸಿಯಾದ ಮೇಲೂ ಒಂದು ವಿಷಯ ನೆನಪಿನಲ್ಲಿಡಿ. ಕೊಳಕುಮಂಡಲ ಕಚ್ಚಿ ಬದುಕಿದ ಕೆಲವರಲ್ಲಿ, ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ರಕ್ತ ನಿಂತು ಅದು ಸೊರಗಿಹೋಗುತ್ತದೆ. ತಿಂಗಳುಗಳ ನಂತರ, ಕೆಲವೊಮ್ಮೆ ವರ್ಷಗಳ ನಂತರ, ಕಾರಣವಿಲ್ಲದ ಸುಸ್ತು, ಊಟ ಸೇರದಿರುವುದು, ಚಳಿ ತಡೆಯದಿರುವುದು, ಗಂಡಸರಲ್ಲಿ ಆಸಕ್ತಿ ಕುಗ್ಗುವುದು, ಹೆಂಗಸರಲ್ಲಿ ಮುಟ್ಟು ನಿಲ್ಲುವುದು ಕಾಣುತ್ತದೆ. ಮನೆಯವರು ಸೋಮಾರಿತನ ಎನ್ನುತ್ತಾರೆ, ಇಲ್ಲವೇ ನಾಗದೋಷ ಎಂದು ಶಾಂತಿ ಮಾಡಿಸುತ್ತಾರೆ. ಒಂದು ರಕ್ತಪರೀಕ್ಷೆಯಲ್ಲಿ ಹಾರ್ಮೋನಿನ ಕೊರತೆ ತಿಳಿಯುತ್ತದೆ, ಮಾತ್ರೆಯಲ್ಲಿ ಸರಿಹೋಗುತ್ತದೆ. ನಿಮ್ಮ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಸಾಲುಸಾಲು ನಾಗರಕಲ್ಲುಗಳಿವೆ. ಕೊಳಕುಮಂಡಲಕ್ಕೆ ಕಲ್ಲು ನಿಲ್ಲಿಸಿದವರನ್ನು ಮಾತ್ರ ನಾನು ಕಂಡಿಲ್ಲ, ನಮ್ಮ ಹೊಲಗಳಲ್ಲಿ ಹೆಚ್ಚು ದುಃಖ ಕೊಡುವುದು ಅದಾದರೂ. ಬಾಗೇಪಲ್ಲಿಯ ಕಡೆ ರಕ್ತಪಿಂಜರಿ ಎಂದು ಕರೆಯುವುದು ಇದನ್ನೇ.

ಬೇರು ಕಟ್ಟಿದವರ ವಿಷಯ. ಅವರ ಬಳಿ ಹೋದ ಅನೇಕರು ಬದುಕಿದ್ದಾರೆ, ಸುಳ್ಳಲ್ಲ. ನಮ್ಮ ಸುತ್ತಲಿನ ಬಹುಪಾಲು ಹಾವುಗಳಿಗೆ ವಿಷವೇ ಇಲ್ಲ, ವಿಷವಿರುವ ಹಾವೂ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಅಂಥವರಿಗೆ ಬೇರು ಕಟ್ಟಿದರೂ ಬದುಕುತ್ತಾರೆ, ಕಟ್ಟದಿದ್ದರೂ ಬದುಕುತ್ತಾರೆ. ವಿಷ ಏರಿದವನಿಗೆ ಮಾತ್ರ ಆ ಒಂದೆರಡು ಗಂಟೆಯ ಬೆಲೆ ಬೇರೆ. ನಿಮ್ಮನ್ನು ದೂಷಿಸಲು ಹೇಳುತ್ತಿಲ್ಲ, ಕಾಲು ಊದಿದ ತಕ್ಷಣ ಆಸ್ಪತ್ರೆಗೆ ಓಡಿದ್ದೀರಿ, ಅವನು ಬದುಕಿದ್ದು ಅದರಿಂದ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆಂಬ ಅಂದಾಜಿದೆ. ಹೆಚ್ಚಿನ ಸಾವು ಹಳ್ಳಿಗಳಲ್ಲಿ, ಆಸ್ಪತ್ರೆಯ ಹೊರಗೇ ಆಗುವುದರಿಂದ ಸರ್ಕಾರದ ಪುಸ್ತಕಕ್ಕೆ ಬರುತ್ತಿರಲಿಲ್ಲ. ಕರ್ನಾಟಕದಲ್ಲಿ 2024ರ ಫೆಬ್ರವರಿಯಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂಬ ಆದೇಶವಿದೆ.

ಕಚ್ಚಿದಾಗ ಮಾಡಬೇಕಾದದ್ದು ಬಹಳ ಕಡಿಮೆ. ಉಂಗುರ, ಕಾಲುಂಗುರ, ಬಳೆ, ದಾರ ಬಿಚ್ಚಿ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಚೀಪಬೇಡಿ. ಮೂಳೆ ಮುರಿದಾಗ ಮಾಡುವಂತೆ ದಬ್ಬೆ ಇಟ್ಟು ಕಾಲು ಅಲುಗದ ಹಾಗೆ ಮಾಡಿ, ನಡೆಸದೆ ವಾಹನಕ್ಕೆ ಹಾಕಿ. ಹಾವನ್ನು ಕೊಂದು ತರಬೇಡಿ, ಸತ್ತ ಹಾವಿನ ತಲೆಯೂ ಕಚ್ಚಬಲ್ಲದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ಮದ್ದು ಒಂದೇ. ಮಗುವಿಗೂ ದೊಡ್ಡವರಷ್ಟೇ ಮದ್ದು ಬೇಕು, ಏಕೆಂದರೆ ಮಗು ಚಿಕ್ಕದೆಂದು ಹಾವು ವಿಷ ಕಡಿಮೆ ಬಿಡುವುದಿಲ್ಲ.

ಈ ತಿಂಗಳುಗಳಲ್ಲಿ ನನಗೆ ಹೆಚ್ಚು ದಿಗಿಲು ಕಣದಲ್ಲಿ ಮಲಗುವವರ ಬಗ್ಗೆ. ರಾಗಿ ಮೆದೆ ಕಾಯಲು ನೆಲದ ಮೇಲೆ ಕಂಬಳಿ ಹಾಸಿ ಮಲಗುತ್ತಾರೆ. ಮೆದೆಗೆ ಇಲಿ ಬರುತ್ತದೆ, ಇಲಿಯ ಹಿಂದೆ ಕಟ್ಟುಹಾವು ಬರುತ್ತದೆ. ಅದರ ಕಡಿತಕ್ಕೆ ನೋವಿಲ್ಲ, ಊತವಿಲ್ಲ, ಗುರುತೂ ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಎಂದು ಏಳುತ್ತಾನೆ, ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸುತ್ತಾರೆ. ಅಷ್ಟರಲ್ಲಿ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಎಂಜಲು ನುಂಗಲಾಗುವುದಿಲ್ಲ. ನೆಲದ ಮೇಲೆ ಮಲಗಿದ್ದವನ ರೆಪ್ಪೆ ಬೆಳಗ್ಗೆ ಜೋತುಬಿದ್ದರೆ ಹಾವನ್ನು ಯಾರೂ ನೋಡಿರದಿದ್ದರೂ ಅದು ಹಾವು ಕಡಿತವೇ ಎಂದು ತಿಳಿದು ಓಡಿ. ಉಸಿರಾಟದ ಸ್ನಾಯುಗಳು ಸೋತವನನ್ನು ವೆಂಟಿಲೇಟರ್ ಹಾಕಿ ಉಳಿಸಿಕೊಳ್ಳಬಹುದು. ಕಣ್ಣು ತೆರೆಯಲಾಗದೆ ಬಿದ್ದಿರುವ ಆ ರೋಗಿಗೆ ಸುತ್ತಲಿನ ಮಾತೆಲ್ಲ ಕೇಳಿಸುತ್ತಿರುತ್ತದೆ, ಹಾಸಿಗೆಯ ಪಕ್ಕ ಅಳುತ್ತ ತಿಥಿಯ ಮಾತು ಆಡಬೇಡಿ. ಮಂಚ, ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದ ಸೊಳ್ಳೆಪರದೆ, ಇವೆರಡು ಸಾಕು, ಕಟ್ಟುಹಾವು ದೂರ.

ಇಲಿಯ ಮಾತು ಎರಡು ಕಡೆಯೂ ಬಂದದ್ದನ್ನು ಗಮನಿಸಿರಬಹುದು. ಹಾವಿಗೂ ಜ್ವರಕ್ಕೂ ನಿಮ್ಮ ಮನೆಯ ದಾರಿ ತೋರಿಸುವುದು ಅದೇ. ಬೂಸಾ, ಹಿಂಡಿ, ರಾಗಿಯನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿಡಿ. ಸೌದೆ, ತೆಂಗಿನ ಗರಿ, ಇಟ್ಟಿಗೆಯ ರಾಶಿಯನ್ನು ಗೋಡೆಯಿಂದ ದೂರ ಹಾಕಿ. ರೇಷ್ಮೆ ಸಾಕುವವರಾದರೆ ಹುಳುಮನೆಯ ಬಾಗಿಲ ಕೆಳಗಿನ ಸಂದು ಮುಚ್ಚಿ, ಹುಳುವಿನ ರುಚಿ ಇಲಿಗೂ ಗೊತ್ತು. ಕೇರೆಹಾವು ಕಂಡರೆ ಹೊಡೆಯಬೇಡಿ, ನಿಮ್ಮ ಪರವಾಗಿ ಇಲಿ ಹಿಡಿಯುವ ನಿರುಪದ್ರವಿ ಅದು. ಕೊಟ್ಟಿಗೆಯ ನೆಲಕ್ಕೆ ಇಳಿಜಾರು ಮಾಡಿಸಿ ಗಂಜಲ ನಿಲ್ಲದಂತೆ ನೋಡಿಕೊಳ್ಳಿ. ಗದ್ದೆ, ಕೊಟ್ಟಿಗೆ, ರಾತ್ರಿ ಕರೆಂಟು ಬಂದಾಗ ಮೋಟಾರು ಹಾಕಲು ಹೋಗುವುದು, ಮೂರಕ್ಕೂ ಮೊಣಕಾಲಿನ ಕೆಳಗಿನವರೆಗಿನ ಗಂಬೂಟು ಮತ್ತು ಕೈಯಲ್ಲಿ ಟಾರ್ಚು. ಬೇಸಿಗೆಯಲ್ಲಿ ಗಂಬೂಟಿನಲ್ಲಿ ಕಾಲು ಬೇಯುತ್ತದೆ, ಒಪ್ಪುತ್ತೇನೆ, ಆದರೂ ಹಾಕಿಕೊಳ್ಳಬೇಕು. ಹಾಕಿಕೊಳ್ಳುವ ಮೊದಲು ಒಮ್ಮೆ ತಲೆಕೆಳಗು ಮಾಡಿ ಕೊಡವಿ, ಒಳಗೆ ಚೇಳು ಸೇರಿಕೊಂಡಿರಬಹುದು. ಕೆಂಪು ಚೇಳು ಕಚ್ಚಿದ ಮಗು ಬೆವರಿ, ಕೈಕಾಲು ತಣ್ಣಗಾದರೆ ತಡಮಾಡುವಂತಿಲ್ಲ. ಅದಕ್ಕೆ ಪ್ರಜೋಸಿನ್ ಎಂಬ ಅಗ್ಗದ ಮಾತ್ರೆ ಜೀವ ಉಳಿಸುತ್ತದೆ ಎಂದು ತೋರಿಸಿಕೊಟ್ಟವರು ಮಹಾರಾಷ್ಟ್ರದ ಮಹಾಡದ ವೈದ್ಯ ಹಿಮ್ಮತರಾವ್ ಬಾವಸ್ಕರ್.

ಹಸುವಿನ ವಿಷಯವನ್ನು ಪಶುವೈದ್ಯರಿಗೆ ತಿಳಿಸಿ ರಕ್ತಪರೀಕ್ಷೆ ಮಾಡಿಸಿ. ಬ್ರುಸೆಲ್ಲೋಸಿಸ್ ಪರೀಕ್ಷೆಯನ್ನೂ ಕೇಳಿ. ಫಲಿತಾಂಶ ಬರುವವರೆಗೆ ಹಾಲನ್ನು ಚೆನ್ನಾಗಿ ಕುದಿಸಿಯೇ ಕುಡಿಯಿರಿ. ಕಂದು, ಮಾಸುಚೀಲವನ್ನು ಬರಿಗೈಯಲ್ಲಿ ಮುಟ್ಟಬೇಡಿ, ತಿಪ್ಪೆಗೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಮನೆಯಲ್ಲಿ ಬೇರೆ ಯಾರಿಗಾದರೂ ಜ್ವರವಿದ್ದರೆ, ಬಸುರಿಯರಿದ್ದರೆ, ಅವರ ವಿಷಯವನ್ನೂ ಡಾಕ್ಟರಿಗೆ ಹೇಳಿ. ಬಸುರಿಯರಿಗೆ ಡಾಕ್ಸಿಸೈಕ್ಲಿನ್ ಬದಲು ಬೇರೆ ಔಷಧಿ ಕೊಡುತ್ತಾರೆ.

ನಿಮ್ಮ ಕೊನೆಯ ಪ್ರಶ್ನೆ. ಇನ್ನೊಮ್ಮೆ ವಿಷದ ಹಾವು ಕಚ್ಚಿದರೆ ಅದೇ ಮದ್ದನ್ನು ಮತ್ತೆ ಕೊಡಬಹುದು, ಕೊಡಲೇಬೇಕು. ಒಮ್ಮೆ ಪಡೆದವರಿಗೆ ಎರಡನೇ ಸಲ ಕೊಡಬಾರದೆಂಬ ಮಾತು ಹಳ್ಳಿಗಳಲ್ಲಿ ಹೇಗೋ ಹರಡಿದೆ. ಅಲರ್ಜಿ ಮೊದಲ ಸಲವೂ ಆಗಬಹುದು, ಎರಡನೆಯ ಸಲವೂ ಆಗಬಹುದು. ಅದಕ್ಕೆಂದೇ ಅಡ್ರಿನಲಿನ್ ತುಂಬಿದ ಸಿರಿಂಜನ್ನು ಪಕ್ಕದಲ್ಲಿಟ್ಟುಕೊಂಡು ಮದ್ದು ಶುರುಮಾಡುತ್ತಾರೆ. ಮೊದಲ ಸಲ ತುರಿಕೆ, ಉಬ್ಬಸ, ನಡುಕ ಬಂದಿತ್ತೇ ಎಂಬುದು ಆಗ ವೈದ್ಯರಿಗೆ ಬೇಕಾಗುತ್ತದೆ. ಡಿಸ್ಚಾರ್ಜ್ ಚೀಟಿಯ ಫೋಟೊ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇಟ್ಟುಕೊಳ್ಳಿ.